ಐಕ್ಯೂ 60 ಬಂತು ಅಂದ್ರ ಸಾಲಿ ಬಿಡಸ್ಬೇಕೇನ್ರಿ?

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಆಗ್ಲಿ, ಜಿಲ್ಲಾ ಆಸ್ಪತ್ರಿಗೆ ಆಗ್ಲಿ ಮಗೂನ್ನ ಕರ್ಕೊಂಡ ಹೋಗಿ ಬುದ್ಧಿ ಟೆಸ್ಟ್ ಮಾಡ್ಸಿದವ್ರು ರಿಪೋರ್ಟ್‌ನ್ಯಾಗ ಮೊದ್ಲ ಹುಡುಕೂದು ಒಂದ ನಂಬರ್, ಐಕ್ಯೂ ಅಂದ್ರ ಬುದ್ಧಿಯ ಅಳತಿ. ಅದು 60 ಅಂತ ಇದ್ರ ಮುಗೀತು, ಮನ್ಯಾಗ ಹಿರ್ಯಾರು "ಇನ್ನ ಇಂವನ್ನ ಸಾಲಿಗೆ ಕಳ್ಸಿ ಏನ್ ಮಾಡೂದೈತಿ" ಅಂತ ಶುರು ಮಾಡ್ತಾರ. ಆದ್ರ ಈ ಟೆಸ್ಟ್ ಹುಟ್ಟಿದ್ದು ಮಕ್ಕಳನ್ನ ಸಾಲಿ ಬಿಡ್ಸಾಕಲ್ಲ, ಯಾರಿಗೆ ಜಾಸ್ತಿ ಹೇಳ್ಕೊಡ್ಬೇಕು ಅಂತ ಗೊತ್ತು ಮಾಡ್ಕೊಳ್ಳಾಕ.

1904ರಾಗ ಫ್ರಾನ್ಸ್ ಸರ್ಕಾರ ಇದಕ್ಕಂತನ ಒಂದು ಸಮಿತಿ ಮಾಡ್ತು, ಅದ್ರಾಗ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಇದ್ದ. ಮರುವರ್ಷ ಅಂವಾ ಮತ್ತ ಥಿಯೋಡೋರ್ ಸಿಮೋನ್ ಕೂಡಿ 30 ಸಣ್ಣಸಣ್ಣ ಕೆಲ್ಸದ ಟೆಸ್ಟ್ ತಂದ್ರು. ಉರಿಯೋ ಕಡ್ಡಿ ಸರಿಸಿದ್ರ ಮಗು ಕಣ್ಣಿಲೆ ಹಿಂಬಾಲಿಸ್ತದೋ ಇಲ್ಲೋ, ಮೂರು ಅಂಕಿ ಕೇಳಿ ವಾಪಸ್ ಹೇಳ್ತದೋ ಇಲ್ಲೋ, ಇಂಥಾವು. ಬುದ್ಧಿ ಹುಟ್ಟಿನಿಂದ ಇಷ್ಟ, ಬದ್ಲಾಗೂದಿಲ್ಲ ಅನ್ನೋ ಮಾತು ಬಿನೆಗೆ ಆಗ್ತಿದ್ದಿಲ್ಲ. ಹಿಂದ ಬಿದ್ದ ಮಕ್ಕಳಿಗೆ ಅಂವಾ ಒಂದು ಆಟ ಆಡಸ್ತಿದ್ದ: ಸನ್ನಿ ಮಾಡಿದ ಕೂಡ್ಲೆ ಎಲ್ಲಾರೂ ಕಲ್ಲಿನ ಗೊಂಬಿ ಹಂಗ ಅಲ್ಲಾಡದ ನಿಲ್ಬೇಕು. ನೋಡಾಕ ಹುಡುಗಾಟ, ಆದ್ರ ಮೈ ಹಿಡಿಯಾಕ ಬಂದ್ರ ಗಮನ ಹಿಡಿಯೂದೂ ಬರ್ತೇತಿ ಅನ್ನೋದು ಅಂವನ ಲೆಕ್ಕ. ಬಿನೆ 1911ರಾಗ ತೀರ್ಕೊಂಡ, ಮರುವರ್ಷ ಜರ್ಮನಿಯ ಮನಶ್ಶಾಸ್ತ್ರಜ್ಞ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನ (ಮಗು ಯಾವ ವಯಸ್ಸಿನವ್ರ ಮಟ್ಟದ ಪ್ರಶ್ನಿಗೆ ಉತ್ರ ಕೊಡ್ತೇತಿ ಅನ್ನೋದನ್ನ) ನಿಜ ವಯಸ್ಸಿನಿಂದ ಭಾಗಿಸ್ರಿ ಅಂದ, ಆಮ್ಯಾಲೆ ಅದಕ್ಕ ನೂರರ ಗುಣಾಕಾರ ಸೇರಿ ಐಕ್ಯೂ ಆತು. ಹತ್ತು ವರ್ಷದ ಹುಡುಗ ಆರು ವರ್ಷದವ್ರ ಮಟ್ಟದ ಪ್ರಶ್ನಿಗಷ್ಟ ಉತ್ರ ಕೊಟ್ರ 60.

ನಮ್ಮ ಕಡೆ ಈ ಟೆಸ್ಟ್ ಬಾಳ ಲಗೂನ ಬಂತ್ರಿ. ಧಾರವಾಡ ಇನ್ನೂ ಮುಂಬೈ ಪ್ರಾಂತ್ಯದಾಗಿದ್ದಾಗ, 1934ರಷ್ಟೊತ್ತಿಗೇ ವಿ. ವಿ. ಕಾಮತರು ಕನ್ನಡ ಮತ್ತ ಮರಾಠಿ ಮಾತಾಡೋ ಮಕ್ಕಳಿಗಂತ ಇದನ್ನ ಒಗ್ಗಿಸಿದ್ರು. ಬಿನೆ-ಕಾಮತ್ ಟೆಸ್ಟ್ ಅಂತ ಇವತ್ತಿಗೂ ನಡೀತೇತಿ. ಆದ್ರ ಅದ್ರಾಗ ಬಾಯಿಮಾತಿನ ಪ್ರಶ್ನಿ ಜಾಸ್ತಿ, ಹಂಗಾಗಿ ಗದಗ ಜಿಲ್ಲೆದ ತಾಂಡಾದಾಗ ಮನ್ಯಾಗ ಲಂಬಾಣಿ ಮಾತಾಡೋ ಮಗೂಗೆ ಕನ್ನಡದಾಗ ಕೇಳಿದ್ರ ಬುದ್ಧಿ ಎಷ್ಟು ಅಳದ್ರು, ಭಾಷಾ ಎಷ್ಟು ಅಳದ್ರು ಅಂತ ಬ್ಯಾರೆ ಮಾಡೂದು ಕಷ್ಟ.

ಹಂಗಂತ ಬುದ್ಧಿ ಅನ್ನೋದ ಸುಳ್ಳು, ಟೆಸ್ಟ್ ಬರೇ ಬೊಗಳೆ ಅನ್ಬಾರ್ದು. ಒಂದು ಟೆಸ್ಟ್‌ನ್ಯಾಗ ಚೊಲೊ ಮಾಡಾವ್ರು ಉಳಿದ ಟೆಸ್ಟ್‌ನ್ಯಾಗೂ ಸಾಮಾನ್ಯವಾಗಿ ಚೊಲೊ ಮಾಡ್ತಾರ ಅಂತ 1904ರಾಗನ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ತೋರ್ಸಿದ, ಅದನ್ನ ಇನ್ನೂ ಯಾರೂ ಸುಳ್ಳು ಮಾಡಿಲ್ಲ. ಬಿ.ಎಡ್. ಕ್ಲಾಸಿನ್ಯಾಗ ಎಲ್ಲಾರೂ ಮೆಚ್ಚೋದು 1983ರಾಗ ಬಂದ ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಗಾರ್ಡ್ನರ್‌ನ ವಾದ: ಬುದ್ಧಿ ಒಂದಲ್ಲ, ಮಾತು, ಲೆಕ್ಕ, ಸಂಗೀತ ಹಿಂಗ ಏಳು ಥರದ್ದು. ಕೇಳಾಕ ಚಂದ ಐತಿ, ಮಾಸ್ತರಿಗೂ ಅಕ್ಕೋರಿಗೂ ಧೈರ್ಯ ಕೊಡ್ತೈತಿ, ಆದ್ರ ಪುರಾವೆ ನೋಡಾಕ ಹೋದ್ರ ಬಾಳ ತೆಳ್ಳಗ ಐತಿ.

ನನಗ ಹಿಡ್ಸಿದ್ದು 1985ರಾಗ ಬ್ರೆಝಿಲ್‌ನಿಂದ ಬಂದ ಒಂದು ಅಧ್ಯಯನ. ರೆಸಿಫೆ ಊರಿನ ಸಂತ್ಯಾಗ ಕುಂತು ಮಾರೋ ಐದು ಮಕ್ಕಳು, ಅಷ್ಟ ಮಂದಿ. ಸಂಶೋಧಕರು ಗಿರಾಕಿ ಹಂಗ ಹೋಗಿ, ಒಂದು ತೆಂಗಿನಕಾಯಿಗೆ 35 ಅಂದ್ರ ಹತ್ತಕ್ಕ ಎಷ್ಟಪಾ ಅಂತ ಕೇಳಿದ್ರ, ಹನ್ನೆರಡು ವರ್ಷದ ಹುಡುಗ ಮೂರಕ್ಕ 105, ಇನ್ನ ಮೂರು ಕೂಡ್ಸಿದ್ರ 210, ಇನ್ನ ನಾಕು ಬೇಕು, 315, ಆಮ್ಯಾಲೆ 350 ಅಂದ. ಸಂತಿ ಲೆಕ್ಕದಾಗ ಮಕ್ಕಳು ನೂರಕ್ಕ 98 ಸರಿ, ಅಂಥಾವ ಲೆಕ್ಕ ಬರೇ ಅಂಕಿ ಮಾಡಿ ಪೆನ್ಸಿಲ್ ಕೊಟ್ಟು ಕುಂದ್ರಿಸಿದ್ರ ನೂರಕ್ಕ 37. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ನೋಡಿದವ್ರಿಗೆ ಇದು ಹೊಸಾದಲ್ಲ ಬಿಡ್ರಿ.

ಇನ್ನ ಒಂದು ಗೊಂದಲ ಐತಿ. ಡಿಸ್ಲೆಕ್ಸಿಯಾ ಇರೋ ಮಗೂನ ಐಕ್ಯೂ ಎಲ್ಲಾರ ಹಂಗ ಇರ್ತೇತಿ, ಜಾಸ್ತೀನೂ ಇರಬಹುದು, ಅಕ್ಷರ ಓದೂದು-ಬರೆಯೂದರಾಗ ತೊಡಕು. ಬೌದ್ಧಿಕ ಅಂಗವೈಕಲ್ಯ ಬ್ಯಾರೆನ. ಅದಕ್ಕ ಐಕ್ಯೂ ಸುಮಾರು 70ಕ್ಕಿಂತ ಕಡಿಮಿ ಇದ್ರ ಸಾಲೂದಿಲ್ಲ, ಅರಿಬಿ ಹಾಕ್ಕೊಳ್ಳೂದು, ರೊಕ್ಕ ಎಣಿಸೂದು, ಮಂದಿ ಕೂಡ ಬೆರೆಯೂದು ಇಂಥಾ ದಿನದ ಕೆಲ್ಸದಾಗೂ ಹಿಂದ ಇರ್ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆದಾಗ ಎರಡೂ ಅದಾವು, ಮತ್ತ ಅಂಗವೈಕಲ್ಯ ಶೇಕಡಾ 40 ಇಲ್ಲಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಆದ ಮಗೂಗೆ 6ರಿಂದ 18 ವರ್ಷದ ತನಕ ಪುಕ್ಕಟೆ ಶಿಕ್ಷಣದ ಹಕ್ಕೂ ಐತಿ. ರಿಪೋರ್ಟ್ ಕೈಗೆ ಬಂದಾಗ ಟೆಸ್ಟ್ ಯಾವ ಭಾಷಾದಾಗ ಮಾಡಿದ್ರಿ, ಮೊದ್ಲ ಕಿವಿ-ಕಣ್ಣು ತಪಾಸ್ ಮಾಡೀರೇನು, ಯಾವ ಭಾಗದಾಗ ಚೊಲೊ ಮಾಡ್ಯಾನ, ಇಷ್ಟು ಅಲ್ಲೇ ಕುಂತು ಕೇಳ್ಕೊಂಡು ಬರ್ರಿ, ಯಾಕಂದ್ರ ಕಿವಿ ಮಂದ ಇದ್ದ ಹುಡುಗನೂ ಬಾಯಿಮಾತಿನ ಟೆಸ್ಟಿನ್ಯಾಗ ದಡ್ಡನಾಗೇ ಕಾಣ್ತಾನ.