ಕೆಟ್ಟು ನಿಂತ ಕಾರನ್ನು ಎಳೆಯುವ ಮೊದಲು ಗೇರ್‌ಬಾಕ್ಸ್ ಆಯಿಲ್ ನೆನಪಿರಲಿ

ಹೆಬ್ಬಾಳ ಫ್ಲೈಓವರ್ ಹತ್ತುವಾಗ ಕಾರು ನಿಂತುಬಿಟ್ಟರೆ ಸುತ್ತ ಸೇರಿದವರು ಹೇಳುವುದು ಒಂದೇ: "ನ್ಯೂಟ್ರಲ್‌ಗೆ ಹಾಕಿ ಸಾರ್, ಹಗ್ಗ ಕಟ್ಟಿ ಎಳೆದುಬಿಡೋಣ." ಮ್ಯಾನ್ಯುವಲ್ ಕಾರಿಗೆ ಈ ಮಾತು ಹೆಚ್ಚುಕಡಿಮೆ ಸರಿ. ಆಟೊಮ್ಯಾಟಿಕ್‌ಗೆ ಅಲ್ಲ. ಯಾಕೆ ಅಂತ ತಿಳಿದರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ನ್ಯೂಟ್ರಲ್ ಅಂದರೆ ಇಂಜಿನ್ ಜೊತೆಗಿನ ಸಂಪರ್ಕ ತಪ್ಪುತ್ತದೆ, ಅಷ್ಟೇ. ಚಕ್ರ ಉರುಳಿದರೆ ಚಕ್ರದ ಕಡೆಯ ಶಾಫ್ಟು, ಗೇರುಗಳು ತಿರುಗುತ್ತಲೇ ಇರುತ್ತವೆ. ಅವಕ್ಕೆ ಆಯಿಲ್ ಸಿಗುತ್ತದೆಯೇ ಅನ್ನುವುದೇ ಪ್ರಶ್ನೆ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಮ್ಯಾನ್ಯುವಲ್ ಕಾರಿನಲ್ಲಿ ಡಿಫರೆನ್ಷಿಯಲ್‌ನ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ದೊಡ್ಡ ಗೇರ್ ತಳದ ಆಯಿಲ್‌ನಲ್ಲಿ ಮುಳುಗಿ ತಿರುಗುತ್ತಾ ಎಲ್ಲ ಕಡೆ ಚಿಮ್ಮಿಸುತ್ತದೆ. ಹತ್ತಿರದ ಗ್ಯಾರೇಜಿಗೆ ನಿಧಾನವಾಗಿ ಎಳೆದರೆ ತೊಂದರೆ ಇಲ್ಲ. ಆಟೊಮ್ಯಾಟಿಕ್‌ನಲ್ಲಿ ಆಯಿಲ್ ತಳ್ಳುವುದು ಒಂದು ಪಂಪ್. ಸಾಮಾನ್ಯವಾಗಿ ಅದನ್ನು ತಿರುಗಿಸುವುದು ಇಂಜಿನ್. ಇಂಜಿನ್ ಆಫ್ ಆದರೆ ಪಂಪೂ ನಿಂತಿತು! ಒಳಗಿನ ಭಾಗಗಳು ಒಣಗಿಯೇ ಉಜ್ಜಿ, ಕಾದು, ಸವೆಯುತ್ತವೆ. ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಆಟೊಮ್ಯಾಟಿಕ್ ಆದ ಸಿವಿಟಿಯದೂ ಇದೇ ಕಥೆ, ಅಲ್ಲಿ ಬೆಲ್ಟು, ಪುಲ್ಲಿಗಳಿಗೂ ಏಟು ಬೀಳಬಹುದು.

ಬೊಲೆರೊ ಥರದ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳನ್ನು ಮ್ಯಾನ್ಯುವಲ್ ಅಂತ ನಂಬಿ ದೂರ ಎಳೆಯಬೇಡಿ. ಅವುಗಳಲ್ಲಿ ನ್ಯೂಟ್ರಲ್‌ನಲ್ಲಿ ಆಯಿಲ್ ಚಿಮ್ಮಿಸುವ ಕೆಳಗಿನ ಶಾಫ್ಟ್ (ಕೌಂಟರ್ ಶಾಫ್ಟ್) ನಿಂತೇ ಇರುತ್ತದೆ, ಮೇಲಿನ ಶಾಫ್ಟ್ ಮಾತ್ರ ತಿರುಗುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಎಳೆಯುವುದು ಇದಕ್ಕೇ. ಗೇರನ್ನು ತಾನೇ ಬದಲಿಸುವ ಎಎಂಟಿ ಒಳಗೆ ಮ್ಯಾನ್ಯುವಲ್ಲೇ. ಆದರೆ ಬ್ಯಾಟರಿ ಸತ್ತಿದ್ದರೆ ಗೇರ್ ಬಿಡಿಸಲು ಆಗದೇ ಇರಬಹುದು. ಎಲೆಕ್ಟ್ರಿಕ್ ಕಾರಿನಲ್ಲಿ ಚಕ್ರ ತಿರುಗಿದರೆ ಮೋಟರೂ ತಿರುಗಿ ಕರೆಂಟ್ ಹುಟ್ಟುತ್ತದೆ. ಅದನ್ನೂ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯನ್ನೂ ಪೂರ್ತಿ ಎತ್ತಿಯೇ ಸಾಗಿಸಬೇಕು.

ಒಂದೇ ಕಡೆ ಎತ್ತುವ ಟೋಯಿಂಗ್ ಗಾಡಿ ಬಂದರೆ, ಯಾವ ಚಕ್ರಕ್ಕೆ ಶಕ್ತಿ ಹೋಗುತ್ತದೋ ಆ ಕಡೆ ಮೇಲೇಳಬೇಕು. ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಅದು ಮುಂಭಾಗ. ಹಿಂದೆ ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ನೋಡಿ.

ಹಗ್ಗವೇ ಗತಿಯಾದರೆ ಎರಡು ಗಾಡಿಗಳ ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಕೂಡದು, ಹಿಂದಿನ ಕಾರಿನಲ್ಲಿ ಲೈಸೆನ್ಸ್ ಇದ್ದವರೇ ಕೂರಬೇಕು. ಇದು ಕಾನೂನು. ಕೀ ಆನ್‌ನಲ್ಲಿರಲಿ, ಇಲ್ಲದಿದ್ದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಇಂಜಿನ್ ಆಫ್ ಇರುವುದರಿಂದ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸಿಲ್ಕ್ ಬೋರ್ಡ್ ಕಡೆಯ ನಿಂತು ನಿಂತು ಸಾಗುವ ಟ್ರಾಫಿಕ್‌ನಲ್ಲಿ ಇದೇ ದೊಡ್ಡ ಅಪಾಯ.

ಕೆಲವು ಆಟೊಮ್ಯಾಟಿಕ್‌ಗಳ ಜೊತೆ ಬರುವ ಕೈಪಿಡಿಯಲ್ಲಿ ಇಷ್ಟು ವೇಗ, ಇಷ್ಟು ದೂರ ಎಳೆಯಬಹುದು ಅಂತ ಬರೆದಿರುತ್ತದೆ. ಬರೆದಿಲ್ಲವಾದರೆ ಒಂದು ಕಿಲೋಮೀಟರಿಗೂ ಹಗ್ಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಟೋಯಿಂಗ್‌ನವರಿಗೆ ಫೋನ್ ಮಾಡುವಾಗಲೇ "ಆಟೊಮ್ಯಾಟಿಕ್ ಗಾಡಿ, ಫ್ಲಾಟ್‌ಬೆಡ್ಡೇ (ಕಾರನ್ನು ಪೂರ್ತಿ ಮೇಲೇರಿಸಿಕೊಳ್ಳುವ ಲಾರಿ) ಕಳಿಸಿ" ಅಂತ ಹೇಳಿ.