ಎಣ್ಣೆ ಹಾಕೋದು ಗೊತ್ತು, ಒರೆಸೋದು ಗೊತ್ತಿಲ್ಲ

ದಸರಾ ಮುಗಿದ ಮೇಲಿನ ವಾರ ನಮ್ಮ ಅಂಗಡಿಗೆ ಒಂದ್ಸಲ ಬಂದು ನೋಡಿ. ಆಯುಧ ಪೂಜೆ ದಿನ ಮನೆಮನೆಯಲ್ಲೂ ಸೈಕಲ್ ತೊಳೆದು, ಹ್ಯಾಂಡಲಿಗೆ ಹೂವು ಸುತ್ತಿ, ಚೈನಿಗೆ ಧಾರಾಳವಾಗಿ ಎಣ್ಣೆ ಬಿಟ್ಟಿರುತ್ತಾರೆ. ಆಮೇಲೆ ಅದೇ ಎಣ್ಣೆ ಮೇಲೆ ಅರಿಶಿನ, ಕುಂಕುಮ, ವಿಭೂತಿ. ನಾಲ್ಕು ದಿನ ರಿಂಗ್ ರೋಡಿನ ಧೂಳಲ್ಲಿ ಓಡಿಸಿ, ಕಟಕಟ ಸದ್ದು ಶುರುವಾದ ಮೇಲೆ ನನ್ನ ಹತ್ತಿರ ತರುತ್ತಾರೆ. ಬೆರಳಿಗೆ ಹತ್ತೋದನ್ನು ಎಣ್ಣೆ ಅನ್ನೋಕಾಗಲ್ಲ. ಕಪ್ಪು ಹಲ್ವ, ನಡುನಡುವೆ ಕೆಂಪು. ತಾಯಿ ಚಾಮುಂಡಿ ನಿಮ್ಮ ಸೈಕಲ್ ಕಾಯಲಿ, ನಾನೂ ಪೂಜೆ ಮಾಡ್ತೀನಿ, ಆದರೆ ಕುಂಕುಮನ ಹ್ಯಾಂಡಲಿಗೆ ಇಡಿ, ಚೈನಿಗೆ ಬೇಡ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀನೋ ಲೆಕ್ಕ ತಪ್ಪಿದೆ.

ಮೈಸೂರಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು ನನಗೆ ಅರ್ಧ ಆಯಸ್ಸು ಕಳೆದಿದೆ. ಈಗ ಬರೋ ಗಿರಾಕಿಗಳಲ್ಲಿ ಓದಿಕೊಂಡವರು ಜಾಸ್ತಿ. ಬೆಳಿಗ್ಗೆ ಐದೂವರೆಗೆ ಬೆಟ್ಟ ಹತ್ತೋರು, ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ದೋಸೆ ತಿಂದು ಬರೋರು. ಎಲ್ಲರದ್ದೂ ಒಂದೇ ಪ್ರಶ್ನೆ. ಮೊಬೈಲಲ್ಲಿ ಚೈನ್ ಎಣ್ಣೆಯ ಎರಡು ಬಾಟ್ಲಿ ಫೋಟೋ ತೋರಿಸಿ, "ಅಣ್ಣ, ಇದು ಒಳ್ಳೇದಾ ಅದು ಒಳ್ಳೇದಾ?" ನಾನು ಕೇಳೋದೂ ಒಂದೇ. "ಮನೇಲಿ ಹಳೇ ಬನಿಯನ್ ಇದೆಯಾ?" ತಮಾಷೆ ಮಾಡ್ತಿದ್ದೀನಿ ಅಂದ್ಕೊಂಡು ನಗ್ತಾರೆ.

ತಮಾಷೆ ಅಲ್ಲ ಸ್ವಾಮಿ. ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅವಸರದಲ್ಲಿ ಹೇಳಿದಾಗಲೆಲ್ಲ "ಹೂಂ ಹೂಂ" ಅಂದು ಹೋಗಿ ಮತ್ತೆ ಅದನ್ನೇ ಮಾಡ್ತೀರಿ.

ಚೈನಿನ ಒಂದು ಕೊಂಡಿ ಹತ್ತಿರದಿಂದ ನೋಡಿ. ಎರಡು ಕಡೆ ಪ್ಲೇಟು. ಪ್ಲೇಟುಗಳನ್ನು ಪೋಣಿಸೋ ಪಿನ್ನು. ಪಿನ್ನಿನ ಸುತ್ತ ಸಡಿಲವಾಗಿ ತಿರುಗೋ ಒಂದು ಸಣ್ಣ ಉಂಗುರ, ಅದೇ ರೋಲರ್. ಈ ಜೋಡಣೆ ಇವತ್ತಿನದಲ್ಲ, 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಅನ್ನೋರು ಮಾಡಿದ್ದು. ಚೈನು ಹಲ್ಲಿನ ಮೇಲೆ ಬಾಗಿದಾಗಲೆಲ್ಲ ಉಜ್ಜಾಟ ನಡೆಯೋದು ಒಳಗೆ, ಪಿನ್ನಿಗೂ ಒಳಪ್ಲೇಟಿಗೂ ಮಧ್ಯೆ. ರೋಲರಿನ ಒಳಮೈಯಲ್ಲೂ ಸ್ವಲ್ಪ. ಎಣ್ಣೆ ಬೇಕಾಗಿರೋದು ಅಲ್ಲಿ. ನಿಮ್ಮ ಕಣ್ಣಿಗೆ ಕಾಣೋ ಹೊರಗಿನ ಪ್ಲೇಟಿಗೆ ತುಕ್ಕು ಹಿಡಿಯದ ಹಾಗೆ ಒಂದು ತೆಳ್ಳನೆ ಪಸೆ ಇದ್ದರೆ ಸಾಕು, ಅದಕ್ಕಿಂತ ಒಂದು ಹನಿನೂ ಬೇಡ. ಆದರೆ ನೀವು ಹಾಕೋದು ಅಲ್ಲಿಗೇ. ಹೊಳೀಬೇಕು, ತೊಟ್ಟಿಕ್ಕಬೇಕು, ಆಗ ಮನಸ್ಸಿಗೆ ಸಮಾಧಾನ, ಅಲ್ವಾ?

ಆ ಹೊಳಪಿಗೆ ಮೊದಲ ದಿನವೇ ಧೂಳು ಅಂಟುತ್ತದೆ. ನಮ್ಮ ಕಡೆ ಮಣ್ಣಲ್ಲಿ ಮರಳಿನ ಕಣ ಇರುತ್ತದೆ. ಎಣ್ಣೆ ಜೊತೆ ಅದು ಸೇರಿದರೆ ಉಜ್ಜುಕಾಗದ ಅರೆದು ಬಳಿದ ಹಾಗೆ. ನೀವು ಪೆಡಲ್ ತುಳಿದಷ್ಟೂ ಆ ಜಿಡ್ಡು ಮೆಲ್ಲಗೆ ಒಳಗೆ ಇಳಿದು ಪಿನ್ನನ್ನು ತಿನ್ನುತ್ತದೆ. ಚೈನು "ಎಳೆದುಕೊಂಡಿದೆ" ಅಂತಾರಲ್ಲ, ಕಬ್ಬಿಣ ಏನೂ ಎಳೆಯೋದಿಲ್ಲ. ಪಿನ್ನು ಸವೆದು ಜಾಗ ದೊಡ್ಡದಾಗಿರುತ್ತದೆ, ಅಷ್ಟೇ.

ನಂಬಿಕೆ ಇಲ್ಲದಿದ್ದರೆ ಅಳೆದು ನೋಡಿ. ಸ್ಟೀಲ್ ಸ್ಕೇಲ್ ತಗೊಳ್ಳಿ. ಒಂದು ಪಿನ್ನಿಂದ ಪಕ್ಕದ ಪಿನ್ನಿಗೆ ಅರ್ಧ ಇಂಚು. ಹಾಗಾಗಿ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಹಿಡಿದರೆ, ಅಲ್ಲಿಂದ ಮುಂದೆ 24ನೇ ಪಿನ್ನಿನ ನಡುಮಧ್ಯ ಸರಿಯಾಗಿ 12 ಇಂಚಿಗೆ ಕೂರಬೇಕು. ಹೊಸ ಚೈನಲ್ಲಿ ಕೂರುತ್ತದೆ. ಒಂದು ಇಂಚಿನ ಹದಿನಾರನೇ ಒಂದು ಭಾಗ, ಅಂದ್ರೆ ಒಂದೂವರೆ ಮಿಲಿಮೀಟರಿಗಿಂತ ಚೂರು ಜಾಸ್ತಿ ಆಚೆ ಹೋಗಿದ್ದರೆ ಚೈನು ಬದಲಾಯಿಸೋ ಹೊತ್ತು. ಅದರ ಎರಡರಷ್ಟು ಹೋಗಿದ್ದರೆ ಹಿಂದಿನ ಹಲ್ಲಿನ ಚಕ್ರ, ಅಂದ್ರೆ ಫ್ರೀವೀಲೋ ಕ್ಯಾಸೆಟ್ಟೋ, ಅದೂ ಬಹುಶಃ ಹೋಗಿರುತ್ತದೆ. ಕಣ್ಣಲ್ಲಿ ನೋಡದೆ ಖಚಿತ ಹೇಳಲ್ಲ, ಆದರೆ ದುಡ್ಡು ರೆಡಿ ಇಟ್ಕೊಳ್ಳಿ. ನಮ್ಮ ಗಿರಾಕಿ ಒಬ್ಬರು ಗಣಿತದ ಮೇಷ್ಟ್ರು, ರಿಟೈರ್ ಆಗಿದ್ದಾರೆ. ಆ ಒಂದೂವರೆ ಚಿಲ್ಲರೆಯನ್ನು 24ರಿಂದ ಅಲ್ಲೇ ನಿಂತು ಭಾಗಿಸಿ, "ಒಂದು ಪಿನ್ನಿಗೆ ಒಂದು ಕೂದಲೆಳೆ ಸವೆದರೆ ಚೈನು ಮುಗೀತು ಅನ್ನಯ್ಯ" ಅಂದ್ರು. ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಇದೇ ಮೇಷ್ಟ್ರು ಅದಕ್ಕೆ ಮೊದಲು ಎರಡು ವರ್ಷ ಚೈನಿಗೆ ಕೊಬ್ಬರಿ ಎಣ್ಣೆ ಹಾಕ್ತಿದ್ದರು. "ತಲೆಗೆ ಆಗುತ್ತೆ, ಅಡುಗೆಗೆ ಆಗುತ್ತೆ, ಚೈನಿಗೆ ಯಾಕಾಗಲ್ಲ?" ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆ ಬಾಟ್ಲಿ ನೆನಪು ಮಾಡ್ಕೊಳ್ಳಿ ಮೇಷ್ಟ್ರೇ ಅಂದೆ. 24 ಡಿಗ್ರಿ ಆಸುಪಾಸಿಗೆ ಇಳಿದರೆ ಅದು ಗಟ್ಟಿಯಾಗುತ್ತದೆ. ಗಟ್ಟಿಯಾಗಿದ್ದು ಪಿನ್ನಿನ ಹತ್ತಿರಕ್ಕೆ ಇಳಿಯಲ್ಲ. ಅಡುಗೆ ಎಣ್ಣೆಗಳ ಕಥೆ ಇನ್ನೂ ಕಷ್ಟ, ಗಾಳಿಗೆ ಬಿಟ್ಟರೆ ಒಗ್ಗರಣೆ ಸೌಟಿನ ಹಿಡಿ ಥರ ಅಂಟಂಟು. ಹೊಲಿಗೆ ಮೆಷಿನ್ ಎಣ್ಣೆ ತಪ್ಪಲ್ಲ, ಆದರೆ ತೀರಾ ತೆಳು, ಒಂದು ಮಳೆಗೆ ಹೋಗುತ್ತದೆ. ಗ್ರೀಸು ಬೇರಿಂಗಿಗೆ ಸರಿ, ಚೈನಿಗೆ ಹೊರಗಿಂದ ಬಳಿದರೆ ಒಳಗೆ ಹೋಗೋದೇ ಇಲ್ಲ. ಬೈಕಿಂದ ಬಸಿದ ಹಳೇ ಇಂಜಿನ್ ಆಯಿಲ್ ಬಗ್ಗೆ ಮಾತೇ ಬೇಡ, ಅದರಲ್ಲಿ ಇಂಜಿನ್ನಿನ ಸವೆದ ಲೋಹದ ಪುಡಿ ಇರುತ್ತದೆ. ಹುಡುಗನಾಗಿದ್ದಾಗ ನಾನೇ ಅದನ್ನ ಒಬ್ಬ ಯಜಮಾನರ ಸೈಕಲ್ಲಿಗೆ ಸುರಿದು, ಅವರು ಮದುವೆಮನೆಗೆ ಉಟ್ಟಿದ್ದ ಬಿಳಿ ಪಂಚೆ ಮೊಣಕಾಲವರೆಗೆ ಕರಿ ಮಾಡಿದ್ದೆ. ಪಾಪ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಆ ನೀಲಿ ಹಳದಿ ಡಬ್ಬಿ, ಡಬ್ಲ್ಯೂಡಿ 40. ಅದನ್ನ ಚೈನ್ ಎಣ್ಣೆ ಅಂತ ನಂಬಿದವರು ನಮ್ಮೂರಲ್ಲಿ ಅರ್ಧ ಜನ. 1953ರಲ್ಲಿ ಅಮೆರಿಕಾದಲ್ಲಿ ತೇವ ಓಡಿಸಿ ತುಕ್ಕು ತಡೆಯೋಕೆ ಅಂತ ಮಾಡಿದ್ದು ಅದು. ಡಬ್ಲ್ಯೂಡಿ ಅಂದ್ರೇ ನೀರು ಹೊರದೂಡೋದು, 40 ಅಂದ್ರೆ ನಲವತ್ತನೇ ಪ್ರಯತ್ನ. ಜಾಮ್ ಆದ ನಟ್ಟಿಗೆ, ಕೊಳೆ ಬಿಡಿಸೋಕೆ ಒಳ್ಳೇದು. ಚೈನಿಗೆ ಹೊಡೆದರೆ ಒಳಗಿದ್ದ ಎಣ್ಣೆನೂ ತೊಳೆದುಕೊಂಡು ಹೋಗುತ್ತದೆ, ಎರಡು ದಿನ ಸದ್ದಿಲ್ಲದೆ ಓಡಿ ಆಮೇಲೆ ಇಲಿಮರಿ ಥರ ಕಿಚಿಕಿಚಿ. ಅದೇ ಕಂಪನಿ ಸೈಕಲ್ ಚೈನಿಗೇ ಅಂತ ಬೇರೆ ಎಣ್ಣೆ ಮಾಡುತ್ತದೆ. ಅಲ್ಲಿಗೆ ಅರ್ಥ ಆಯ್ತಲ್ಲ.

ಸರಿ, ಯಾವುದು ಹಾಕಬೇಕು? ಅಂಗಡಿಯಲ್ಲಿ ಸಿಗೋ ಚೈನ್ ಎಣ್ಣೆ, ಅದಕ್ಕೇ ಲ್ಯೂಬ್ ಅನ್ನೋದು, ಮುಖ್ಯವಾಗಿ ಎರಡು. ವೆಟ್ ಲ್ಯೂಬ್, ಡ್ರೈ ಲ್ಯೂಬ್. ಈ ಹೆಸರಿಂದಾನೇ ಅರ್ಧ ಗಲಾಟೆ. ವೆಟ್ ಅಂದ್ರೆ ಮಳೆಗೆ, ಡ್ರೈ ಅಂದ್ರೆ ಒಣ ಹವೆಗೆ. "ಡ್ರೈ ಅಂತ ಬರೆದಿದೆ, ಒಳಗೆ ನೀರಿನ ಥರ ಇದೆ, ಮೋಸ" ಅಂತ ವಾಪಸ್ ತಂದವರಿದ್ದಾರೆ. ಎರಡೂ ದ್ರವವೇ. ಡ್ರೈ ಹಾಕಿದಾಗ ಅದರ ತೆಳುವಾದ ಭಾಗ ಆರಿ ಹೋಗಿ ಒಳಗೆ ಒಂದು ಪದರ ಉಳಿಯುತ್ತದೆ. ಅದಕ್ಕೇ ರಾತ್ರಿ ಹಾಕಿ ಬೆಳಿಗ್ಗೆ ಹತ್ತಿ ಅನ್ನೋದು. ಹಾಕಿದ ಐದು ನಿಮಿಷಕ್ಕೆ ಹೊರಟರೆ ಸುಮ್ನೆ ರಸ್ತೆಗೆ ದಾನ. ಧೂಳು ಕಡಿಮೆ ಅಂಟುತ್ತದೆ, ಮಳೆಗೆ ನಿಲ್ಲಲ್ಲ. ವೆಟ್ ಮಳೆಗೆ ನಿಲ್ಲುತ್ತದೆ, ಧೂಳನ್ನು ಕರೆದು ಕೂರಿಸುತ್ತದೆ.

ನನ್ನ ಲೆಕ್ಕ ಹೀಗೆ, ನಿಮ್ಮ ದಾರಿ ಬೇರೆಯಿದ್ದರೆ ಬದಲಾಗಬಹುದು. ಜನವರಿಯಿಂದ ಏಪ್ರಿಲ್‌ವರೆಗೆ ಡ್ರೈ. ಮೇ ತಿಂಗಳ ಗುಡುಗು ಮಳೆ ಶುರುವಾದ ಮೇಲೆ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ದಿನಾ ಓಡಿಸೋರಿಗೆ ವೆಟ್. ನಡುವಿನ ತುಂತುರು ತಿಂಗಳಲ್ಲಿ ಎರಡೂ ನಡೆಯುತ್ತದೆ. ಒಂದೇ ಬಾಟ್ಲಿ ಕೊಳ್ಳೋಕೆ ದುಡ್ಡಿದೆ ಅಂದ್ರೆ ವೆಟ್ ಕೊಂಡು, ಕಡಿಮೆ ಹಾಕಿ, ಚೆನ್ನಾಗಿ ಒರೆಸಿ. ಯಾವ ಬ್ರ್ಯಾಂಡ್ ಅಂತ ಮಾತ್ರ ಮತ್ತೆ ಕೇಳಬೇಡಿ.

ಮಂಡ್ಯ ಕಡೆಯಿಂದ ಒಬ್ಬ ಹುಡುಗ ಬರ್ತಾನೆ, ಅವರದ್ದು ಆಲೆಮನೆ. ನಾಲೆ ಏರಿ ಮೇಲೆ ದಿನಾ ಓಡಾಟ. ಕಬ್ಬಿನ ಗಾಡಿ ಹಿಂದೆ ಹೋಗಿ ಹೋಗಿ ಚೈನಿಗೆ ಸಿಪ್ಪೆಪುಡಿ, ಬೂದಿ, ಕೆಮ್ಮಣ್ಣು ಎಲ್ಲ ಮೆತ್ತಿರುತ್ತದೆ. "ಅಣ್ಣೋ, ಓವರಾಯ್ಲಿಂಗ್ ಮಾಡ್ಬುಡಣ್ಣ" ಅಂತಾನೆ. ಓವರ್‌ಹಾಲಿಂಗ್ ಅನ್ನೋ ಪದ ಬಾಯಿಂದ ಬಾಯಿಗೆ ಬಂದು ಓವರಾಯ್ಲಿಂಗ್ ಆಗಿದೆ, ನಾನೂ ಹಾಗೇ ಅನ್ನೋದು. ತಮಾಷೆ ಏನಂದ್ರೆ ಅವನು ಮಾಡಿಕೊಂಡು ಬಂದಿರೋದು ನಿಜವಾಗ್ಲೂ ಓವರ್ ಆಯ್ಲಿಂಗೇ. ಸದ್ದು ಬಂದಾಗಲೆಲ್ಲ ಕೊಳೆ ಮೇಲೇ ಇನ್ನಷ್ಟು ಎಣ್ಣೆ.

ಮಾಡೋ ಕ್ರಮ ಹೇಳ್ತೀನಿ, ದೊಡ್ಡ ವಿದ್ಯೆ ಏನಲ್ಲ. ಹಳೇ ಬನಿಯನ್ ತುಂಡನ್ನು ಕೆಳಗಡೆ ಚೈನಿಗೆ ಸುತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿ. ಹಲ್ಲಿನ ಚಕ್ರದಿಂದ ಬಟ್ಟೆ ದೂರ ಇರಲಿ, ಬೆರಳು ಸಿಕ್ಕಿಸಿಕೊಂಡ ಮಕ್ಕಳನ್ನು ನೋಡಿದ್ದೀನಿ, ಮಕ್ಕಳ ಕೈಗೆ ಈ ಕೆಲಸ ಒಬ್ಬರೇ ಇದ್ದಾಗ ಕೊಡಬೇಡಿ. ಕರಿ ತೀರಾ ಗಟ್ಟಿಯಾಗಿದ್ದರೆ ಹಳೇ ಹಲ್ಲುಜ್ಜೋ ಬ್ರಷ್ಷಿಗೆ ಚೂರು ಸೀಮೆಎಣ್ಣೆಯೋ ಡೀಸೆಲ್ಲೋ ಮುಟ್ಟಿಸಿ ಉಜ್ಜಿ, ಬಯಲಲ್ಲಿ ಮಾಡಿ, ಪೆಟ್ರೋಲ್ ಬೇಡ. ಪೂರ್ತಿ ಆರಲಿ. ಒದ್ದೆ ಚೈನಿಗೆ ಎಣ್ಣೆ ಬಿಟ್ಟರೆ ನೀರನ್ನು ಒಳಗೇ ಮುಚ್ಚಿ ಬೀಗ ಹಾಕಿದ ಹಾಗೆ. ಆಮೇಲೆ ಒಂದೊಂದು ರೋಲರಿಗೆ ಒಂದೊಂದೇ ಹನಿ, ಚೈನಿನ ಒಳಬದಿಯಿಂದ. ನೂರಕ್ಕೂ ಮೇಲೆ ಕೊಂಡಿ ಇರುತ್ತದೆ, ತಾಳ್ಮೆ ಬೇಕು, ಅರ್ಚನೆ ಮಾಡಿದ ಹಾಗೆ. ಒಂದು ಹತ್ತಿಪ್ಪತ್ತು ಸುತ್ತು ತಿರುಗಿಸಿ ಎಣ್ಣೆ ಒಳಗಿಳಿಯೋಕೆ ಹತ್ತು ನಿಮಿಷ ಬಿಡಿ, ಕಾಫಿ ಕುಡ್ಕೊಂಡು ಬನ್ನಿ.

ಈಗ ಇನ್ನೊಂದು ಒಣ ಬಟ್ಟೆ ತಗೊಂಡು ಒರೆಸಿ. ಇದೇ, ಇದೊಂದೇ ನೀವು ಬಿಡೋದು. ಹಾಕಿದ್ದನ್ನೇ ಒರೆಸೋದು ಅಂದ್ರೆ ಹೊಟ್ಟೆ ಉರಿಯುತ್ತೆ ಅಂತ ಗೊತ್ತು. ಒರೆಸಿದರೆ ಎಲ್ಲ ಹೋಗಿಬಿಡುತ್ತೆ ಅಂತೀರಿ. ಒಳಗಿರೋದು ಹೋಗಲ್ಲ ಸ್ವಾಮಿ, ನಿಮ್ಮ ಬನಿಯನ್ ಪಿನ್ನಿನ ಸಂದಿಗೆ ಹೋಗೋಕೆ ಆಗಲ್ಲ. ಹೊರಗಿರೋದು ಹೋಗಲಿ ಅಂತಾನೇ ಒರೆಸೋದು. ಬೆರಳಿಟ್ಟು ತೆಗೆದರೆ ಸಣ್ಣ ಪಸೆ ಮಾತ್ರ ಕಾಣಬೇಕು. ಮಾರನೇ ದಿನ ಓಡಿಸಿ ಬಂದ ಮೇಲೆ ಇನ್ನೊಂದ್ಸಲ ಒರೆಸಿದರೆ ಇನ್ನೂ ಒಳ್ಳೇದು, ಒಳಗಿಂದ ಕಕ್ಕಿದ್ದು ಬರುತ್ತದೆ.

ಇದನ್ನ ನನಗಿಂತ ಚೆನ್ನಾಗಿ ಅರ್ಥ ಮಾಡಿಸಿದ್ದು ಒಬ್ಬ ಸಾಫ್ಟ್‌ವೇರ್ ಹುಡುಗ. ಎರಡು ವರ್ಷ ನಾರ್ವೆಯಲ್ಲಿದ್ದು ಬಂದವನು. ಒಂದು ದಿನ ಸೋಪಿನ ಗಾತ್ರದ ಬಣ್ಣದ ಮೇಣದ ಗಟ್ಟಿ ತಂದು ಕೌಂಟರ್ ಮೇಲಿಟ್ಟ. ಹಿಮದಲ್ಲಿ ಜಾರೋ ಸ್ಕೀ ಹಲಗೆಗೆ ಹಾಕೋ ವ್ಯಾಕ್ಸ್ ಅಂತೆ. "ಇದನ್ನ ಚೈನಿಗೆ ಹಾಕ್ಬಹುದಾ ಅಂಕಲ್?" ಮೇಲೆ ಮೈನಸ್ 6ರಿಂದ ಮೈನಸ್ 12 ಡಿಗ್ರಿ ಅಂತ ಬರೆದಿತ್ತು. ಹೊರಗೆ ಏಪ್ರಿಲ್ ಬಿಸಿಲು. ನಾನು ನಕ್ಕೆ, ಅವನು ಬಿಡಿಸಿ ಹೇಳಿದ. ಹಿಮ ಎಷ್ಟು ತಣ್ಣಗಿರುತ್ತೋ ಅದರ ಕಣ ಅಷ್ಟು ಚೂಪು, ಅದಕ್ಕೆ ಗಟ್ಟಿ ಮೇಣ ಬೇಕು. ಕರಗೋ ಹದದ ಒದ್ದೆ ಹಿಮಕ್ಕೆ ಮೆತ್ತನೆದು. ಇಸ್ತ್ರಿಪೆಟ್ಟಿಗೆಯಂಥದ್ದರಲ್ಲಿ ಕರಗಿಸಿ ಹಲಗೆಯ ತಳಕ್ಕೆ ಇಳಿಸ್ತಾರಂತೆ. ಆರಿದ ಮೇಲೆ? ಪ್ಲಾಸ್ಟಿಕ್ ಪಟ್ಟಿ ತಗೊಂಡು ಮೇಲಿನದ್ದನ್ನೆಲ್ಲ ಕೆರೆದು ತೆಗೆದು, ಬ್ರಷ್ ಹೊಡೀತಾರೆ. ತಳ ಹೀರಿಕೊಂಡಿದ್ದಷ್ಟೇ ಸಾಕು. ಹೊಸಬರು ಕೆರೆಯೋಕೆ ಮನಸ್ಸು ಬಾರದೆ ಹಾಗೇ ಬಿಟ್ಟು, ಜಾರದೆ ನಿಂತುಕೊಳ್ತಾರಂತೆ. ಅವತ್ತಿಂದ ಯಾರಾದ್ರೂ ಒರೆಸೋಕೆ ಹಿಂದೆಮುಂದೆ ನೋಡಿದರೆ ನಾರ್ವೆ ಕಥೆ ಹೇಳ್ತೀನಿ, ನನ್ನ ಮಾತಿಗಿಂತ ಫಾರಿನ್ ಮಾತಿಗೆ ಬೆಲೆ ಜಾಸ್ತಿ.

ಅವನ ಮೇಣ ಚೈನಿಗೆ ಬೇಡ ಅಂದೆ, ಅದರಲ್ಲಿ ಏನೇನು ಬೆರೆಸಿರುತ್ತಾರೋ. ಹಾಗಂತ ಚೈನಿಗೆ ಮೇಣ ಹಾಕೋದು ಹುಚ್ಚು ಅಲ್ಲ. ಪ್ಯಾರಾಫಿನ್ ಮೇಣ ಕರಗಿಸಿ ಚೈನು ಅದ್ದಿ ತೆಗೆದರೆ ಧೂಳು ಅಂಟೋದೇ ಕಡಿಮೆ, ಪ್ಯಾಂಟಿಗೆ ಕರಿ ಆಗಲ್ಲ. ಆದರೆ ಮೊದಲು ಚೈನಿನ ಹಳೇ ಎಣ್ಣೆ ಒಂದು ಹನಿ ಇಲ್ಲದ ಹಾಗೆ ತೊಳೀಬೇಕು, ಇಲ್ಲದಿದ್ದರೆ ಮೇಣ ಹಿಡಿಯಲ್ಲ. ಕರಗಿಸೋದು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ನೇರ ಗ್ಯಾಸ್ ಉರಿ ಮೇಲೆ ಇಡಲೇಬೇಡಿ, ಬೆಂಕಿ ಹತ್ತುತ್ತದೆ. ಮಳೆಯಲ್ಲಿ ನೆಂದರೆ ಬೇಗ ತುಕ್ಕು. ಕೆಲವು ನೂರು ಕಿಲೋಮೀಟರಿಗೆ ಮತ್ತೆ ಅದ್ದಬೇಕು. ಹುಡುಗ ಕೇಳಲಿಲ್ಲ, ಪ್ಯಾರಾಫಿನ್ ತಂದು ಅಮ್ಮನ ಹಾಲು ಕಾಯಿಸೋ ಪಾತ್ರೆಯಲ್ಲಿ ಮಾಡಿದ. ಚೈನು ಚೆನ್ನಾಗೇ ಓಡ್ತಿದೆ. ಪಾತ್ರೆ ಹೊಸದು ಬಂತು.

ಎಷ್ಟು ದಿನಕ್ಕೊಮ್ಮೆ ಅಂತ ಕೇಳ್ತೀರಿ. ಸದ್ದು ಬರೋ ತನಕ ಕಾಯಬೇಡಿ, ಆಗಲೇ ತಡ ಆಗಿರುತ್ತದೆ. ಪ್ರತಿ ವಾರ ಬರೀ ಒರೆಸಿ, ಎಣ್ಣೆ ಇಲ್ಲದೆ. ಎಣ್ಣೆ ನೂರೈವತ್ತು ಇನ್ನೂರು ಕಿಲೋಮೀಟರಿಗೋ, ಮಳೆಯಲ್ಲಿ ನೆಂದ ಮಾರನೇ ದಿನಕ್ಕೋ. ಹೊಸ ಸೈಕಲ್ ತಂದ ದಿನವೇ ಏನೂ ಹಾಕಬೇಡಿ, ಫ್ಯಾಕ್ಟರಿಯಲ್ಲಿ ಹಾಕಿರೋದು ಒಳ್ಳೇದೇ ಇರುತ್ತದೆ. ಪೂರ್ತಿ ಚೈನ್ ಕವರ್ ಇರೋ ಹಳೇ ಕಪ್ಪು ಸೈಕಲ್ಲಿಗೆ ಇಷ್ಟು ತಲೆಬಿಸಿ ಬೇಡ, ಧೂಳು ಒಳಗೆ ಹೋಗೋದು ಕಡಿಮೆ. ಸರ್ವಿಸ್ ಸ್ಟೇಷನ್ನಲ್ಲಿ ಜೋರು ನೀರಿನ ಪೈಪು ಹೊಡಿಸೋರು ದಯವಿಟ್ಟು ಬೇರಿಂಗುಗಳ ಕಡೆ ಹೊಡಿಸಬೇಡಿ.

ಸ್ಪ್ರೇ ಡಬ್ಬಿ ಬಳಸೋದಾದರೆ ಹಿಂದಿನ ಚಕ್ರದ ರಿಮ್ಮಿಗೋ ಬ್ರೇಕಿನ ಡಿಸ್ಕಿಗೋ ಹಾರದ ಹಾಗೆ ಪೇಪರ್ ಅಡ್ಡ ಹಿಡೀರಿ. ಹೋದ ತಿಂಗಳು ಒಬ್ಬರು ಬಂದಿದ್ದರು, ನನ್ನ ಮಾತು ಕೇಳಿ ಚೈನು ಕನ್ನಡಿ ಹಾಗೆ ಒರೆಸಿದ್ದರು, ನನಗೆ ಖುಷಿಯಾಯ್ತು. ಆದರೆ ಡಿಸ್ಕ್ ಬ್ರೇಕು ಕೀಂಯ್ ಅನ್ನುತ್ತೆ ಅಂತ ಮಿಕ್ಕಿದ್ದ ಎಣ್ಣೆನ ಅದಕ್ಕೆ ಎರಡು ಹನಿ ಬಿಟ್ಟಿದ್ದರು. ಸದ್ದು ನಿಂತಿತ್ತು, ಸೈಕಲ್ ನಿಲ್ಲುತ್ತಿರಲಿಲ್ಲ. ಪ್ಯಾಡ್ ಎರಡೂ ಹೊಸದು ಹಾಕಿ ಕಳಿಸಿದೆ.