ಹಳೇ ಕಲರ್ ಫೋಟೋದಲ್ಲಿ ಕಪ್ಪು ಮುಖ ಯಾಕೆ ಕಾಣಿಸುವುದಿಲ್ಲ?

ಓದುಗರ ಪ್ರಶ್ನೆ: ಎಂಬತ್ತರ ದಶಕದ ನಮ್ಮ ಮದುವೆ ಆಲ್ಬಮ್‌ನಲ್ಲಿ ಬೆಳ್ಳಗಿರುವವರೆಲ್ಲ ಚೆನ್ನಾಗಿ ಬಂದಿದ್ದಾರೆ. ಕಪ್ಪಗಿರುವವರ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಏನೂ ಕಾಣುವುದಿಲ್ಲ. ಇದು ಫೋಟೋಗ್ರಾಫರ್ ತಪ್ಪಾ?

ಪೂರ್ತಿ ಅವರ ತಪ್ಪಲ್ಲ. ಫ್ಲ್ಯಾಶ್ ಸಾಲದೆ ಹೋಗಿರಬಹುದು, ನಿಜ. ಆದರೆ ತೊಂದರೆ ಅದಕ್ಕೂ ಮೊದಲೇ, ಫಿಲ್ಮ್ ಮತ್ತು ಲ್ಯಾಬ್‌ನಲ್ಲೇ ಶುರುವಾಗಿತ್ತು.

ಅಮೆರಿಕದಲ್ಲಿ ಒಂದು ಕಾಲಕ್ಕೆ ಕೊಡಾಕ್ ಕಲರ್ ಫಿಲ್ಮ್ ಕೊಂಡರೆ, ತೊಳೆಯುವ ದುಡ್ಡೂ ಬೆಲೆಯಲ್ಲೇ ಸೇರಿರುತ್ತಿತ್ತು, ಹಾಗಾಗಿ ಫಿಲ್ಮ್ ತೊಳೆಯುವ ಕೆಲಸವೂ ಕೊಡಾಕ್ ಕೈಯಲ್ಲೇ ಇತ್ತು. 1954ರಲ್ಲಿ ಸರ್ಕಾರ ಈ ಏಕಸ್ವಾಮ್ಯಕ್ಕೆ ತಡೆ ಹಾಕಿತು. ಬೇರೆ ಲ್ಯಾಬ್‌ಗಳು ಹುಟ್ಟಿಕೊಂಡವು. ಎಲ್ಲ ಕಡೆ ಬಣ್ಣ ಒಂದೇ ಥರ ಬರಲಿ ಅಂತ ಕೊಡಾಕ್ ಮಾದರಿ ಕಾರ್ಡ್ ಕಳಿಸಿತು. ಅದೇ ಶರ್ಲಿ ಕಾರ್ಡ್. ಮೊದಲ ಮಾಡೆಲ್ ಹೆಸರೇ ಅದಕ್ಕೆ ನಿಂತುಬಿಟ್ಟಿತು.

ಕಾರ್ಡ್‌ನಲ್ಲಿ ಗಾಢ ಬಣ್ಣದ ಬಟ್ಟೆ ತೊಟ್ಟ ಒಬ್ಬ ಬಿಳಿಯ ಹೆಂಗಸು. ಲ್ಯಾಬ್‌ನವರು ಟೆಸ್ಟ್ ಪ್ರಿಂಟನ್ನು ಪಕ್ಕದಲ್ಲಿಟ್ಟು, ಅವಳ ಕೆನ್ನೆಯ ಬಣ್ಣ ಹೊಂದುವವರೆಗೆ ಹಳದಿ, ಮಜೆಂಟಾ (ನೇರಳೆಗೆಂಪು), ಸಯಾನ್ (ಹಸಿರುನೀಲಿ) ಬಣ್ಣಗಳನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. ಆ ಕೆನ್ನೆ ಸರಿ ಬಂದರೆ ಮೆಷಿನ್ ಸರಿ ಅಂತ ಅರ್ಥ. ಎಣ್ಣೆಗೆಂಪು, ಕಡುಗಂದು ಮೈಬಣ್ಣಗಳು ಆ ಲೆಕ್ಕದಲ್ಲೇ ಇರಲಿಲ್ಲ.

ಫಿಲ್ಮ್ ಕೂಡ ಹಾಗೆಯೇ. ಬಿಳಿ ಮುಖಕ್ಕೆ ಹೊಂದಿಸಿದ ಫಿಲ್ಮ್‌ಗೆ ಕಂದು ಬಣ್ಣದ ಸೂಕ್ಷ್ಮ ವ್ಯತ್ಯಾಸ ಹಿಡಿಯುವ ಶಕ್ತಿ ಕಮ್ಮಿ. ಅದನ್ನು ಸುಧಾರಿಸಲು ಒತ್ತಾಯ ಎಲ್ಲಿಂದ ಬಂತು ಗೊತ್ತಾ? ಡಾರ್ಕ್ ಚಾಕೊಲೇಟ್ ಯಾವುದು, ಮಿಲ್ಕ್ ಚಾಕೊಲೇಟ್ ಯಾವುದು ಅಂತ ಜಾಹೀರಾತಿನಲ್ಲಿ ತಿಳಿಯುತ್ತಿಲ್ಲ ಎಂದು ಚಾಕೊಲೇಟ್ ಕಂಪನಿಗಳು ದೂರಿದವು. ಮರದ ಬಣ್ಣ ಸರಿಯಿಲ್ಲ ಅಂತ ಪೀಠೋಪಕರಣದವರೂ ದೂರಿದರು. ಕೊಡಾಕ್‌ನಲ್ಲಿ ಕೆಲಸ ಮಾಡಿದವರೇ ಮುಂದೆ ಇದನ್ನು ಹೇಳಿದ್ದಾರೆ. ಮನುಷ್ಯರ ಮುಖಕ್ಕಾಗಿ ಆಗಬೇಕಿದ್ದ ಕೆಲಸ ಮಾಲು ಮಾರುವುದಕ್ಕಾಗಿ ಆಯಿತು. ಇದು ನನಗೆ ತುಂಬಾ ನೋವಿನ ಸಂಗತಿ. ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕೊಡಾಕ್ ಕಾರ್ಡ್ ಬಂದದ್ದು 1990ರ ದಶಕದಲ್ಲಿ.

ಬೆಳ್ಳಗಿದ್ದರೆ ಚಂದ ಎಂಬ ಹುಚ್ಚು ನಮ್ಮಲ್ಲಿ ಮೊದಲೇ ಇತ್ತು. ಅದಕ್ಕೆ ಇಂಥ ಫೋಟೋಗಳೂ ಸಾಕ್ಷಿ ಹೇಳಿದವು. 'ನೀನು ಫೋಟೋದಲ್ಲಿ ಚೆನ್ನಾಗಿ ಬರಲ್ಲ' ಅನ್ನಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳು ಕೊರತೆ ತಮ್ಮ ಮುಖದಲ್ಲೇ ಇದೆ ಅಂದುಕೊಂಡರು, ಸ್ಟುಡಿಯೋಗೆ ಹೋಗುವ ಮೊದಲು ಪೌಡರ್ ಮೆತ್ತಿಕೊಂಡರು.

ನಿಮ್ಮ ಆಲ್ಬಮ್‌ನ ನೆಗೆಟಿವ್‌ಗಳು ಮನೆಯಲ್ಲಿದ್ದರೆ ಹುಡುಕಿ. ಪ್ರಿಂಟ್‌ಗಿಂತ ನೆಗೆಟಿವ್‌ನಲ್ಲಿ ವಿವರ ಜಾಸ್ತಿ ಉಳಿದಿರುತ್ತದೆ. ಅದರಿಂದಲೇ ಸ್ಕ್ಯಾನ್ ಮಾಡಿಸಿ. ಬಣ್ಣ ಸರಿಮಾಡುವವರ ಪಕ್ಕದಲ್ಲೇ ಕೂತು, ಮುಖವನ್ನು ಬೆಳ್ಳಗೆ ಮಾಡಬೇಡಿ, ನೆರಳಿನಲ್ಲಿರುವ ವಿವರ ಮಾತ್ರ ಮೇಲೆ ತನ್ನಿ ಅಂತ ಹೇಳಿ.